ಮ್ಯಾನೇಜರ್ ಜೊತೆ ಮಾತೇ ನಿಂತುಹೋಗಿದೆ, ಏನು ಮಾಡಲಿ?

ಕೀಲಿಕೈ:

ಹಾವೇರಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಆಫೀಸರ್ ಆಗಿದ್ದೇನೆ. ಯಾವ ಬ್ಯಾಂಕು ಅಂತ ಕೇಳಬೇಡಿ. ಒಟ್ಟು ಐದು ಜನ: ಮ್ಯಾನೇಜರ್, ನಾನು, ಇಬ್ಬರು ಕ್ಲರ್ಕ್, ಒಬ್ಬ ಅಟೆಂಡರ್. ಜೂನ್‌ನಲ್ಲಿ ಹೊಸ ಮ್ಯಾನೇಜರ್ ಬಂದರು. ಬೇರೆ ರಾಜ್ಯದವರು, ಕನ್ನಡ ಬರಲ್ಲ. ಕೆಲಸದಲ್ಲಿ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಕಂಡರೆ ಯಾಕೋ ಆಗಲ್ಲ.

ಹೋದ ವಾರದ್ದೇ ಹೇಳ್ತೀನಿ. ವಯಸ್ಸಾದ ರೈತರೊಬ್ಬರು ಬಂದಿದ್ದರು. ಮೂರು ಲಕ್ಷದ ಬೆಳೆ ಸಾಲ, ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಮೇಲೆ ತಗೊಂಡದ್ದು. ವರ್ಷ ತುಂಬೋಕೆ ಹದಿನೈದು ದಿನ ಬಾಕಿ. ಅಷ್ಟರೊಳಗೆ ಕಟ್ಟಿದರೆ ಬಡ್ಡಿ ಶೇ. 4, ತಪ್ಪಿದರೆ ಶೇ. 7. ಅಂದರೆ ಹತ್ತಿರ ಹತ್ತಿರ 9,000 ರೂಪಾಯಿ ಸುಮ್ನೆ ಹೋಗುತ್ತೆ. "ಅಜ್ಜಾರ, ಮೆಣಸಿನಕಾಯಿ ದುಡ್ಡು ಬಂದ ಕೂಡಲೇ ಮೊದಲ ಇಲ್ಲಿಗೆ ಬರ್ರಿ. ಇಪ್ಪತ್ತನೇ ತಾರೀಖು ದಾಟಿಸಬ್ಯಾಡ್ರಿ" ಅಂದೆ. "ದುಡ್ಡು ಬರೂದ್ರೊಳಗ ನಮ್ಮ ಮುದುಕಿ ಬಂಗಾರದ ಅಂಗಡಿ ಮುಂದ ನಿಂತಿರ್ತಾಳವ್ವ" ಅಂದರು. ಇಬ್ಬರೂ ನಕ್ಕೆವು. ಅಷ್ಟೇ.

ಮ್ಯಾನೇಜರ್ ಕ್ಯಾಬಿನ್‌ನಿಂದ ಎದ್ದು ಬಂದರು. ಕೌಂಟರ್ ಮುಂದೆ ಹತ್ತು ಹನ್ನೆರಡು ಜನ. ಅವರೆದುರೇ, "ವಸೂಲಿ ಬಿಟ್ಟು ಹರಟೆ ಹೊಡೀತಿದೀರಾ? ಇವರಿಗೆ ಟೈಮ್ ಕೊಡೋಕೆ ನೀವ್ಯಾರು?" ಅಂತ ಹಿಂದಿಯಲ್ಲಿ ಕೂಗಾಡಿದರು. ಆ ಅಜ್ಜ ಪಾಪ, ತಾನೇ ಏನೋ ತಪ್ಪು ಮಾಡಿದ ಹಾಗೆ ಪಾಸ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು.

ಅವತ್ತಿಂದ ಮಾತು ಬಂದ್. ಆದರೆ ಸೇಫ್‌ಗೆ ಎರಡು ಕೀಲಿ. ಒಂದು ಅವರ ಹತ್ತಿರ, ಒಂದು ನನ್ನ ಹತ್ತಿರ. ಒಬ್ಬರೇ ತೆಗೆಯೋಕೆ ಬರಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಆ ಇಕ್ಕಟ್ಟಿನ ಸ್ಟ್ರಾಂಗ್ ರೂಮಿನಲ್ಲಿ ಪಕ್ಕಪಕ್ಕ ನಿಲ್ಲಲೇಬೇಕು. ಅವರೊಂದು ಕೀಲಿ ತಿರುಗಿಸುತ್ತಾರೆ, ನಾನೊಂದು. ಮುಖ ನೋಡದೆ ಹೊರಗೆ ಬರ್ತೀವಿ. ಸಂಜೆ ಮತ್ತೆ ಅದೇ. ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಬಾಕಿದಾರರ ಪಟ್ಟಿ ಬರುತ್ತೆ. ಕೆಳಗೆ ಒಂದಕ್ಷರ ಇಲ್ಲ, ಬರೀ ಮೂರು ಪ್ರಶ್ನೆ ಚಿಹ್ನೆ.

ಟ್ರಾನ್ಸ್‌ಫರ್ ಕೇಳೋಕೆ ಇಷ್ಟವಿಲ್ಲ. ಮಗಳು ಇಲ್ಲೇ ಎರಡನೇ ಕ್ಲಾಸಿನಲ್ಲಿದ್ದಾಳೆ. ಹೇಗಾದರೂ ಸರಿ ಮಾಡಿಕೊಳ್ಳಬೇಕು. ಅನುಭವ ಇದ್ದವರು ಹೇಳಿ.

ಕಡ್ಲೆಪುರಿ:

ಮಾರ್ಚ್ 31 ಮುಗಿಯೋ ತನಕ ಬ್ಯಾಂಕ್ ಮ್ಯಾನೇಜರ್ ಯಾರ ಕೈಗೂ ಸಿಗಲ್ಲ ಮೇಡಂ. ನಮ್ಮ ಯಜಮಾನರೂ ಅದೇ ಕೆಲಸ. ಏಪ್ರಿಲ್ 2ಕ್ಕೆ ಮತ್ತೆ ನಮ್ಮ ಮನೆಯವರಾಗ್ತಾರೆ.

ಫೈಲು ಮಾಸ್ತರ:

ಯಾವಾಗಲೂ ಕೈಕೆಳಗಿನವರೇ ಯಾಕೆ ಬಗ್ಗಬೇಕು? ಜನರ ಎದುರು ಬೈದದ್ದು ತಪ್ಪು. ಅದನ್ನು ಅವರಿಗೆ ಹೇಳಲೇಬೇಕು. ನಾನು ಸರ್ಕಾರಿ ಆಫೀಸಿನವನು, ಸುಮ್ಮನಿದ್ದು ಸುಮ್ಮನಿದ್ದು ಆರು ವರ್ಷ ಬೈಸಿಕೊಂಡೆ. ಏನು ಬೈದರು, ಯಾರಿದ್ದರು, ಯಾವ ತಾರೀಖು, ಎಲ್ಲ ಒಂದು ಡೈರಿಯಲ್ಲಿ ಬರೆದಿಡಿ. ರಾತ್ರಿ ಮೆಸೇಜಿಗೆ ಬೆಳಿಗ್ಗೆ ಉತ್ತರ ಕೊಡಿ. ಬಾಸ್ ಅಂದ ಮಾತ್ರಕ್ಕೆ ರಾತ್ರಿಯೂ ಅವರದ್ದಲ್ಲ.

ಪಿಂಚಣಿದಾರ:

ನೋಡಿ ತಂಗಿ, ನಾನು ಬ್ಯಾಂಕಿನಲ್ಲಿ 34 ವರ್ಷ ಸವೆಸಿದವನು. ನಿಮ್ಮ ಮ್ಯಾನೇಜರ್ ಜಾಗದಲ್ಲಿ ನಾನೂ ಇದ್ದೆ. 1996ರಲ್ಲಿ ಬಡ್ತಿ ಕೊಟ್ಟು ಬಿಹಾರದ ದರ್ಭಂಗಾ ಕಡೆಯ ಹಳ್ಳಿ ಶಾಖೆಗೆ ಎತ್ತಿಹಾಕಿದರು. ನನ್ನದು ಶಾಲೆಯಲ್ಲಿ ಕಲಿತ ಹಿಂದಿ. ಅಲ್ಲಿನ ಜನರ ಮಾತು ಮೈಥಿಲಿ. ಏನೂ ತಲೆಗೆ ಹೋಗುತ್ತಿರಲಿಲ್ಲ. ಕೌಂಟರ್‌ನಲ್ಲಿ ಯಾರು ನಕ್ಕರೂ ನನ್ನನ್ನು ನೋಡಿಯೇ ನಕ್ಕರು ಅನ್ನಿಸುತ್ತಿತ್ತು. ಒಂದು ದಿನ ತಡೆಯೋಕಾಗದೆ ಕ್ಲರ್ಕ್ ಎದುರು ಲೆಡ್ಜರ್ ಕುಕ್ಕಿ ಕೂಗಾಡಿದೆ. ಆಮೇಲೆ ಗೊತ್ತಾಯ್ತು, ಅವರು ನಗುತ್ತಿದ್ದದ್ದು ಎಮ್ಮೆಯ ವಿಷಯಕ್ಕೆ.

ಆ ಹುಡುಗ ಜಗಳ ತೆಗೆಯಲಿಲ್ಲ. ಮರುದಿನದಿಂದ ಯಾವ ಗಿರಾಕಿ ಎದ್ದು ಹೋದರೂ ನನ್ನ ಕಡೆ ತಿರುಗಿ ಒಂದೇ ಸಾಲು ಹೇಳುತ್ತಿದ್ದ. "ಸಾರ್, ಎಮ್ಮೆ ಕರು ಹಾಕಿದೆ, ಕಂತು ಹತ್ತನೇ ತಾರೀಖಿಗೆ." ಅಷ್ಟೇ. ನನಗೆ ಉಸಿರು ಬಂದ ಹಾಗಾಯ್ತು. ನೀವೂ ಅದನ್ನೇ ಮಾಡಿ. ಆ ಅಜ್ಜ ನಕ್ಕದ್ದು ಯಾಕೆ ಅಂತ ಅವರಿಗೆ ಇನ್ನೂ ಗೊತ್ತಿಲ್ಲ. ನೀವು ಅವರಿಗೆ ಟೈಮ್ ಕೊಟ್ಟಿರಿ ಅಂತಲೇ ತಿಳಿದಿದ್ದಾರೆ. ನೀವು ಹೇಳಿದ್ದು ಅದಕ್ಕೆ ಪೂರ್ತಿ ಉಲ್ಟಾ!

ಇನ್ನೊಂದು. ಸಂಜೆ ರೀಜನಲ್ ಆಫೀಸಿನ ವಿಡಿಯೋ ಮೀಟಿಂಗ್ ಇರುತ್ತಲ್ಲ, ಅಲ್ಲಿ ಅವರಿಗೂ ಎಲ್ಲರೆದುರು ಬೈಗುಳ ಬೀಳುತ್ತೆ. ಕಂತು ಬಾಕಿಯಾಗಿ 60 ದಿನ ದಾಟಿದ ಖಾತೆ ಎಷ್ಟು, 90 ದಾಟಿ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆದರೆ ಯಾರು ಹೊಣೆ ಅಂತ. ಬೆಳೆ ಸಾಲದ ಲೆಕ್ಕ ಬೇರೆ, ಅದು ನಿಮಗೇ ಗೊತ್ತು. ಅಲ್ಲಿ ಹೇಳೋಕೆ ಉತ್ತರ ಇಲ್ಲದವರೇ ರಾತ್ರಿ ಪ್ರಶ್ನೆ ಚಿಹ್ನೆ ಕಳಿಸೋದು. ನಾನೂ ಕಳಿಸಿದ್ದೇನೆ, ಆಗ ವಾಟ್ಸಾಪ್ ಇರಲಿಲ್ಲ, ಚೀಟಿಯಲ್ಲಿ.

ಬೆಳಿಗ್ಗೆ ಸೇಫ್ ಹತ್ತಿರ ಎರಡು ನಿಮಿಷ ಸಿಗುತ್ತಲ್ಲ, ಅದನ್ನು ಕಳಕೊಳ್ಳಬೇಡಿ. ಅಲ್ಲಿ ಗಿರಾಕಿ ಇಲ್ಲ, ಫೋನಿಗೆ ಸಿಗ್ನಲ್ಲೂ ಇರಲ್ಲ. ಬೇರೆ ಸಾಲಗಳಲ್ಲಿ 60 ದಾಟಿದವರ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾಕೆ ತಡ, ಯಾವತ್ತು ಕಟ್ತಾರೆ, ಅಷ್ಟು ಸಾಕು.

ಫೈಲು ಮಾಸ್ತರ:

ಅದೆಲ್ಲ ಸರಿ ಸಾರ್, ಆದರೆ ಬೈದದ್ದಕ್ಕೆ?

ಪಿಂಚಣಿದಾರ:

ಅದನ್ನೂ ಹೇಳಲಿ. ಅದೇ ಸ್ಟ್ರಾಂಗ್ ರೂಮಿನಲ್ಲಿ. ಆದರೆ ಮೊದಲನೇ ದಿನ ಬೇಡ, ನಾಲ್ಕು ಚೀಟಿ ಹೋದ ಮೇಲೆ.

ಕೀಲಿಕೈ:

ಮೂರು ವಾರ ಆಯ್ತು, ಹೇಳಿ ಹೋಗೋಣ ಅಂತ ಬಂದೆ.

ಮೊದಲ ದಿನ ಚೀಟಿ ಇಸಕೊಂಡು ಜೇಬಿಗೆ ಹಾಕಿಕೊಂಡರು. ಮಾತಿಲ್ಲ. ಎರಡನೇ ದಿನವೂ ಹಾಗೇ. ಮೂರನೇ ದಿನ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವರ ಮನೆ ಎಲ್ಲಿ?" ಅಂದರು. ಮಧ್ಯಾಹ್ನ ಇಬ್ಬರೂ ಜೀಪ್ ಮಾಡಿಕೊಂಡು ಹೋಗಿಬಂದೆವು.

ಐದನೇ ದಿನ ಧೈರ್ಯ ಮಾಡಿದೆ. ಅಜ್ಜನ 9,000 ರೂಪಾಯಿ ಲೆಕ್ಕ ಬಿಡಿಸಿ ಹೇಳಿ, "ಬೈಯೋದಿದ್ದರೆ ಇಲ್ಲೇ ಬೈಯಿರಿ ಸಾರ್, ಕೌಂಟರ್ ಮುಂದೆ ಬೇಡ" ಅಂದೆ. ಕೈ ನಡುಗುತ್ತಿತ್ತು, ಕೀಲಿ ತೂತಿಗೇ ಹೋಗಲಿಲ್ಲ. ಅವರು ಸಾರಿ ಗೀರಿ ಏನೂ ಅನ್ನಲಿಲ್ಲ. ನನ್ನ ಕೀಲಿ ಒಳಗೆ ಹೋಗೋ ತನಕ ಕಾದು ನಿಂತರು.

ಅಜ್ಜ 18ಕ್ಕೇ ಬಂದು ಕಟ್ಟಿದರು. ಮ್ಯಾನೇಜರ್ ಹೊರಗೆ ಬಂದು "ಅಜ್ಜಾರ" ಅಂದರು. ಮುಂದಿನ ಮಾತು ಬರಲಿಲ್ಲ, ಹಾಗೇ ವಾಪಸ್ ಹೋದರು. ಅಜ್ಜ ಈ ಸಲವೂ ಪಾಸ್‌ಬುಕ್ ಎದೆಗೆ ಒತ್ತಿಕೊಂಡರು!

ರಾತ್ರಿ ಮೆಸೇಜ್ ನಿಂತಿಲ್ಲ. ಪ್ರಶ್ನೆ ಚಿಹ್ನೆ ಮಾತ್ರ ಈಗ ಒಂದೇ.