ಡೊರೇಮಾನ್ ಹಳೇ ಪ್ರಸಾರದ ಟೇಪು: ಜಾಹೀರಾತು ಕತ್ತರಿಸಬೇಕಾ?

ಪ್ರಶ್ನೆ: ಜಪಾನಿನ ಟಿವಿ ಅಸಾಹಿ ವಾಹಿನಿಯಲ್ಲಿ 1979ರಿಂದ ಬಂದ ಡೊರೇಮಾನ್ ಕಾರ್ಟೂನ್ ಸರಣಿ. ಜಪಾನಿನ ಮನೆಯೊಂದರಲ್ಲಿ ರೆಕಾರ್ಡ್ ಮಾಡಿದ ವಿಎಚ್‌ಎಸ್ ಟೇಪು, ಅಂಚಿನಲ್ಲಿ ಬಿಳಿ ಬೂಷ್ಟು. ಡಿಜಿಟಲ್ ಮಾಡೋದು ಹೇಗೆ? ಜಾಹೀರಾತು ತೆಗೆಯಲಾ?

ಉತ್ತರ 1: ಬೂಷ್ಟು ಇರೋವಾಗ ವಿಸಿಆರ್‌ಗೆ (ಟೇಪು ಓಡಿಸೋ ಯಂತ್ರ) ಹಾಕಲೇಬೇಡಿ. ಟೇಪು ಓದುವ ಹೆಡ್ ಕಟ್ಟಿಕೊಳ್ಳುತ್ತೆ, ಮುಂದಿನ ಟೇಪಿಗೂ ಹಬ್ಬುತ್ತೆ. ಕ್ಯಾಸೆಟ್ಟಿನ ಕೆಳಗಿನ 5 ಸ್ಕ್ರೂ ಬಿಚ್ಚಿ, ಮಾಸ್ಕ್ ಹಾಕಿಕೊಂಡು, ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸುತ್ತಾ ನಿಧಾನ ಸುತ್ತಿ. ಹೆಡ್ ಒರೆಸಲು 99% ಐಸೊಪ್ರೊಪೈಲ್ ಆಲ್ಕೋಹಾಲ್, ಶಾಮಿ ಎಂಬ ಮೆತ್ತನೆ ತೊಗಲು. ಅಡ್ಡಡ್ಡ ಮಾತ್ರ ಒರೆಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತೆ.

ಉತ್ತರ 2: ಅದು ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ ಟಿವಿ ಪದ್ಧತಿ) ಟೇಪು, ಬರೀ ಪಾಲ್ (ಭಾರತದ ಪದ್ಧತಿ) ಓದುವ ವಿಸಿಆರ್ ಆಗಲ್ಲ. ವಿಸಿಆರ್‌ನ ಎಸ್-ವಿಡಿಯೋ ಔಟ್ (ಚಿತ್ರ ಹೊರಬರುವ ಕಿಂಡಿ), ಟೈಮ್ ಬೇಸ್ ಕರೆಕ್ಟರ್ (ಅಲುಗುವ ಚಿತ್ರ ಸ್ಥಿರಗೊಳಿಸುವ ಸಾಧನ), ನಂತರ ಕಂಪ್ಯೂಟರಿಗೆ ಕ್ಯಾಪ್ಚರ್: 720×480 ಪಿಕ್ಸೆಲ್, ಸೆಕೆಂಡಿಗೆ 29.97 ಫ್ರೇಮು, ಎಫ್‌ಎಫ್‌ವಿ1 (ಗುಣಮಟ್ಟ ಕಳೆಯದ ವಿಡಿಯೋ ರೂಪ). ಗಂಟೆಗೆ ಸುಮಾರು 30 ಜಿಬಿ ಹಿಡಿಯುತ್ತೆ. ಜಪಾನಿನ ಕಪ್ಪು ಮಟ್ಟ 0 ಐಆರ್‌ಇ (ವಿಡಿಯೋ ಸಂಕೇತದ ಅಳತೆ), ಅಮೆರಿಕದ್ದು 7.5. ಅಮೆರಿಕದ ಸೆಟ್ಟಿಂಗ್ ಇಟ್ಟರೆ ಕಥೆಯ ಹುಡುಗ ನೊಬಿತಾನ ಕೂದಲಿನ ಗೆರೆಗಳೆಲ್ಲ ಮಸಿಯಾಗಿಬಿಡುತ್ತವೆ.

ಡಿಇಂಟರ್‌ಲೇಸ್ (ಫ್ರೇಮಿನ ಬಿಟ್ಟುಬಿಟ್ಟು ಬರುವ ಗೆರೆಗಳನ್ನು ಬೆರೆಸೋದು) ಮಾಡಬೇಡಿ! ಮೂಲ ಸೆಕೆಂಡಿಗೆ 24 ಫ್ರೇಮಿನ ಫಿಲ್ಮು, ಟಿವಿಗೆಂದು ಸುಮಾರು 30ಕ್ಕೆ ಹಿಗ್ಗಿಸಿದ್ದು. ಪ್ರತಿ 5 ಫ್ರೇಮಲ್ಲಿ 3 ಸ್ವಚ್ಛ, 2ರಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಅದಕ್ಕೆ ಇನ್ವರ್ಸ್ ಟೆಲಿಸಿನಿ (ಮೂಲದ 24 ಫ್ರೇಮಿಗೆ ಮರಳಿಸೋದು) ಮಾಡಿ, ಅದೂ ನಕಲು ಪ್ರತಿಯಲ್ಲಿ.

ಉತ್ತರ 3: ಜಾಹೀರಾತು, ಪ್ರಾಯೋಜಕರ ಫಲಕ, ಪರದೆ ಮೇಲೆ ಬಂದ ಭೂಕಂಪದ ಸೂಚನೆ, ಎಲ್ಲಾ ಇರಲಿ. ಕಥೆ ಡಿವಿಡಿಯಲ್ಲಿ ಸಿಕ್ಕೀತು, ಇವು ಸಿಗಲ್ಲ. 1973ರ ನಿಪ್ಪಾನ್ ಟಿವಿ ಸರಣಿಯಲ್ಲಂತೂ ಕಂತುಗಳೇ ಎಷ್ಟೋ ಕಳೆದುಹೋಗಿವೆ.