ತಮ್ಮ ಜರ್ಮನಿಗೆ ಹೊರಟಿದ್ದಾನೆ, ಪಿಆರ್ (ಕಾಯಂ ವಾಸದ ಅನುಮತಿ) ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ: ಸಕಲೇಶಪುರದಿಂದ

ನನ್ನ ತಮ್ಮ ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದ್ದಾನೆ. ಈಗ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಕೊಡುವ ಪರ್ಮಿಟ್) ಮೇಲೆ ಹೋಗುತ್ತಾನೆ. ಹೊರಡಲು ಇನ್ನೂ ಐದಾರು ತಿಂಗಳಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮ ಇಲ್ಲೇ ಇದ್ದಾರೆ, ನಾಲ್ಕು ಎಕರೆ ಕಾಫಿ ತೋಟ ಇದೆ. ಅಲ್ಲಿ ಪಿಆರ್ ಎಷ್ಟು ವರ್ಷಕ್ಕೆ ಸಿಗುತ್ತೆ? ಪಿಆರ್ ತಗೊಂಡರೆ ತೋಟದ ಹಕ್ಕು ಹೋಗುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಚಿಕ್ಕಮಗಳೂರಿನವನು, ಈಗ ಸ್ಟುಟ್‌ಗಾರ್ಟ್‌ನಲ್ಲಿ

ಅಕ್ಕಾ, ಬ್ಲೂ ಕಾರ್ಡ್ ಇದ್ದವರಿಗೆ ಲೆಕ್ಕ ವರ್ಷದಲ್ಲಿ ಅಲ್ಲ, ತಿಂಗಳಲ್ಲಿ. ಜರ್ಮನ್ ಭಾಷೆ ಎ1, ಅಂದರೆ ತೀರಾ ಆರಂಭದ ಮಟ್ಟದಲ್ಲಿ ಬಂದರೆ 27 ತಿಂಗಳು. ಬಿ1, ಅಂದರೆ ಮಧ್ಯಮ ಮಟ್ಟ ಪಾಸಾಗಿದ್ದರೆ 21 ತಿಂಗಳು. ಸುಮ್ನೆ ಅಲ್ಲಿ ಇದ್ದ ತಿಂಗಳು ಎಣಿಸುವುದಿಲ್ಲ. ಬ್ಲೂ ಕಾರ್ಡ್ ಮೇಲೆ ಕೆಲಸ ಮಾಡಿ, ಪೆನ್ಷನ್ ಕಟ್ಟಿದ ತಿಂಗಳು ಮಾತ್ರ. ಸಂಬಳದಲ್ಲಿ ಶೇ. 9.3 ಹಿಡಿಯುತ್ತಾರೆ, ಕಂಪನಿ ಅಷ್ಟೇ ಸೇರಿಸುತ್ತೆ. ನಡುವೆ ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಕೂತರೆ ಆ ಎರಡು ತಿಂಗಳು ಲೆಕ್ಕಕ್ಕಿಲ್ಲ.

ನನ್ನ ವಿಷಯ ಹೇಳುತ್ತೇನೆ. ನಾನು ಬಂದದ್ದು 2022ರ ಜನವರಿಯಲ್ಲಿ. ನನ್ನ ಜೊತೆ ಅದೇ ತಿಂಗಳು ಹಾಸನದ ಹುಡುಗನೊಬ್ಬ ಬಂದ. ಅವನು ಬೆಂಗಳೂರಿನಲ್ಲೇ ಬಿ1 ಮುಗಿಸಿಕೊಂಡು ಬಂದಿದ್ದ. ನಾನು ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರಲ್ಲ, ಆಮೇಲೆ ಕಲಿತರಾಯಿತು ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ಸಂಜೆ ಏಳಕ್ಕೆ ಮನೆಗೆ ಬಂದು ಅಡುಗೆ ಮಾಡಿ, ವ್ಯಾಕರಣದ ಪುಸ್ತಕ ತೆಗೆಯುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಆಗ ಎ1ಗೆ 33 ತಿಂಗಳ ನಿಯಮ ಇತ್ತು. 2023ರ ನವೆಂಬರ್‌ನಲ್ಲಿ 27ಕ್ಕೆ ಇಳಿಸಿದರು, ಇಲ್ಲದಿದ್ದರೆ ಇನ್ನೂ ಕಾಯಬೇಕಿತ್ತು. ಅವನು ಆ ಹೊತ್ತಿಗಾಗಲೇ 21 ತಿಂಗಳು ಮುಗಿಸಿ ಅರ್ಜಿ ಹಾಕಿದ್ದ.

ನಡುವಿನ ಆ ಆರು ತಿಂಗಳಲ್ಲೇ ನಮ್ಮ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ಎದ್ದಿತು. ಪಿಆರ್ ಇಲ್ಲದೆ ಕೆಲಸ ಹೋದರೆ ಹೊಸದು ಹುಡುಕಲು ಕೆಲವೇ ತಿಂಗಳು ಸಿಗುತ್ತೆ. ಆಗ ಹೆಂಡತಿ ಏಳು ತಿಂಗಳ ಬಸುರಿ. ರಾತ್ರಿ ಎದ್ದು ಕೂತು ಸಂಬಳದ ಚೀಟಿಗಳನ್ನು ಎಣಿಸುತ್ತಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ನಿಮ್ಮ ತಮ್ಮನಿಗೆ ಈಗ ಸಿಕ್ಕಿರುವ ಐದಾರು ತಿಂಗಳನ್ನು ಭಾಷೆಗೇ ಕೊಡಲಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಹಾಸನದಿಂದಲೇ ಆನ್‌ಲೈನ್ ತರಗತಿಗೂ ಸೇರಬಹುದು. ಅವರ ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಮಾತಿನ ಭಾಗದಲ್ಲಿ ಸಾಮಾನ್ಯವಾಗಿ ಇಬ್ಬರನ್ನು ಎದುರುಬದುರು ಕೂರಿಸಿ, ಒಟ್ಟಿಗೆ ಏನಾದರೂ ಕಾರ್ಯಕ್ರಮ ಯೋಜಿಸಿ ಅನ್ನುತ್ತಾರೆ. ಪುಸ್ತಕ ಓದಿದ್ದು ಅಲ್ಲಿ ಸಾಲುವುದಿಲ್ಲ, ಬಾಯಿ ಬಿಟ್ಟು ಅಭ್ಯಾಸ ಮಾಡಬೇಕು.

ಇದರ ಜೊತೆ ‘ಲೇಬನ್ ಇನ್ ಡಾಯ್ಚ್‌ಲಾಂಡ್’ ಅನ್ನೋ ಪರೀಕ್ಷೆ ಇದೆ. 33 ಪ್ರಶ್ನೆ, ಪಿಆರ್‌ಗೆ 15 ಸರಿ ಇದ್ದರೆ ಪಾಸ್. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುತ್ತವೆ, ಕಷ್ಟ ಇಲ್ಲ. ಆದರೆ ಫಲಿತಾಂಶದ ಕಾಗದ ಕೈಗೆ ಬರಲು ವಾರಗಟ್ಟಲೆ ಆಗುತ್ತೆ. ಬೇಗ ಬರೆದು ಇಟ್ಟುಕೊಳ್ಳಲಿ.

ಕಾಗದ ಪತ್ರದ ಬಗ್ಗೆ ಒಂದು ಮಾತು. ನನ್ನ ಸರದಿ ಬಂದ ದಿನ ಮೇಜಿನ ಆಚೆ ಕೂತಿದ್ದ ಅಧಿಕಾರಿ ಒಂದೊಂದೇ ಹಾಳೆ ತಿರುವಿದರು. ಪೆನ್ಷನ್ ದಾಖಲೆ ಸರಿ. ಕೆಲಸ ಮುಂದುವರಿದಿದೆ ಅನ್ನೋ ಕಂಪನಿ ಪತ್ರ ಸರಿ. ಮನೆ ಬಾಡಿಗೆ ಕರಾರಿಗೆ ಬಂದಾಗ ಕೈ ನಿಂತಿತು. ಮನೆ ಎಷ್ಟು ಚದರ ಮೀಟರ್ ಅಂತ ಬರೆದಿದ್ದ ಪುಟವನ್ನೇ ನಾನು ತಂದಿರಲಿಲ್ಲ. ಮನೆಯವರಿಗೆ ಸಾಕಾಗುವಷ್ಟು ಜಾಗ ಇದೆ ಅಂತ ತೋರಿಸುವುದೂ ಒಂದು ಷರತ್ತು. ಅದೊಂದು ಹಾಳೆಗೆ ಮತ್ತೆ ಆರು ವಾರ ಕಾದೆ. ಮೊದಲ ದಿನದಿಂದ ಒಂದು ಫೈಲ್ ಮಾಡಿ, ಸಂಬಳ ಚೀಟಿ, ವಿಳಾಸ ನೋಂದಣಿ, ಕರಾರು ಎಲ್ಲದರ ಎಲ್ಲ ಪುಟವನ್ನೂ ಹಾಕುತ್ತಾ ಹೋಗಲಿ.

ಮೊದಲ ಹನ್ನೆರಡು ತಿಂಗಳೊಳಗೆ ಕಂಪನಿ ಬದಲಿಸಿದರೆ ವಲಸೆ ಕಚೇರಿಗೆ ತಿಳಿಸಲೇಬೇಕು. ಅದನ್ನು ಮರೆಯಬಾರದು.

ಉತ್ತರ: ಹಾಸನದವಳು, ನರ್ಸ್

ಇದನ್ನು ನರ್ಸಿಂಗ್ ಮಾಡಿದವರೂ ಓದುತ್ತಿರಬಹುದು, ಅವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ಲೆಕ್ಕ ಬೇರೆ. ನಮ್ಮ ಓದನ್ನು ಅಲ್ಲಿ ಮಾನ್ಯ ಮಾಡಿಸಿಕೊಳ್ಳುವವರೆಗೆ ಸಹಾಯಕಿಯಾಗಿ ಕೆಲಸ ಮಾಡಬೇಕು. ನಾನು ಹಾಗೆ ಹದಿನಾಲ್ಕು ತಿಂಗಳು ದುಡಿದೆ. ಆ ಅವಧಿಯ ಪೆನ್ಷನ್ ಲೆಕ್ಕಕ್ಕೆ ಸೇರಿತು, ಆದರೆ ಪಿಆರ್‌ಗೆ ಬೇಕಾದ ಮೂರು ವರ್ಷಕ್ಕೆ ಆ ವೀಸಾದ ದಿನ ಸೇರಲಿಲ್ಲ. ಮಾನ್ಯತೆ ಸಿಕ್ಕಿ ನುರಿತ ಕೆಲಸಗಾರರ ಪರ್ಮಿಟ್ ಕೈಗೆ ಬಂದ ದಿನದಿಂದ ಮೂರು ವರ್ಷ, 36 ತಿಂಗಳ ಪೆನ್ಷನ್, ಜೊತೆಗೆ ಬಿ1. ಏಜೆಂಟರು ಈ ವ್ಯತ್ಯಾಸ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ, ಅರ್ಜಿ ಹಾಕಲು ಹೋದಾಗಲೇ ಗೊತ್ತಾಗಿದ್ದು. ಆವತ್ತು ಬಸ್ಸಿನಲ್ಲಿ ಅಳುತ್ತಾ ಮನೆಗೆ ಬಂದೆ.

ಉತ್ತರ: ಮೂಡಿಗೆರೆಯಿಂದ

ತೋಟದ ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣನೂ ಅಲ್ಲೇ ಇದ್ದಾನೆ, ಇದನ್ನೆಲ್ಲ ಓಡಾಡಿ ತಿಳಿದುಕೊಂಡಿದ್ದೇವೆ.

ಪಿಆರ್ ಬಂದರೆ ಪೌರತ್ವ ಬದಲಾಗುವುದಿಲ್ಲ. ಅವನು ಭಾರತೀಯನೇ, ಪಾಸ್‌ಪೋರ್ಟೂ ಅದೇ. ನೆಂಟರು ಪಿಆರ್ ಮತ್ತು ಪೌರತ್ವ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಜರ್ಮನಿ ಈಗ ಐದು ವರ್ಷಕ್ಕೆ ಪೌರತ್ವ ಕೊಡುತ್ತೆ, ಹಳೆಯದನ್ನು ಬಿಡು ಅಂತಲೂ ಕೇಳುವುದಿಲ್ಲ. ಆದರೆ ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಅಲ್ಲಿಯದನ್ನು ತಗೊಂಡರೆ ಇಲ್ಲಿಯದು ಹೋಗುತ್ತೆ, ಆಮೇಲೆ ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವುದು) ಮಾಡಿಸಬೇಕು.

ಪಿತ್ರಾರ್ಜಿತವಾಗಿ ಬಂದ ತೋಟವನ್ನು ಎನ್‌ಆರ್‌ಐ ಆದರೂ, ಒಸಿಐ ಆದರೂ ಇಟ್ಟುಕೊಳ್ಳಬಹುದು. ತೊಡಕು ಬೇರೆ ಕಡೆ ಇದೆ. ಹೊರದೇಶದಲ್ಲಿ ನೆಲೆಸಿದವರು ಕೃಷಿ ಜಮೀನು, ಪ್ಲಾಂಟೇಶನ್ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ಅದು ಫೆಮಾ, ಅಂದರೆ ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯ್ದೆ ಸಡಿಲ ಆಯಿತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ಅಪ್ಪ ಅಣ್ಣನ ಪಾಲನ್ನು ದಾನಪತ್ರ ಮಾಡಲು ಹೊರಟಿದ್ದರು, ಛಾಪಾ ಕಾಗದವೂ ತಂದಾಗಿತ್ತು. ವಕೀಲರು ತಡೆದರು. ಆಮೇಲೆ ಉಯಿಲು ಬರೆಸಿದೆವು. ಉಯಿಲಿನಿಂದ, ವಾರಸುದಾರಿಕೆಯಿಂದ ಬಂದರೆ ತೊಂದರೆ ಇಲ್ಲ.

ನಿಮ್ಮ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದರೆ, ತಮ್ಮ ಊರಲ್ಲಿರುವಾಗಲೇ ಪೌತಿ ಖಾತೆ ಮಾಡಿಸಿ ಅಕ್ಕಾ. ಅವನು ಹೋದ ಮೇಲೆ ಒಂದು ಸಹಿಗೆ ಪವರ್ ಆಫ್ ಅಟಾರ್ನಿ, ದೂತಾವಾಸ ಅಂತ ಅಲೆದಾಟ.

ಇನ್ನೊಂದು. ಪಿಆರ್ ಬಂದ ಮೇಲೆ ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯಿಂದ ಹೊರಗಿದ್ದರೆ ಅದು ರದ್ದಾಗಬಹುದು. ಅಣ್ಣ ರೊಬಸ್ಟಾ ಕೊಯ್ಲಿಗೆ ಅಂತ ಜನವರಿಯಲ್ಲಿ ಬಂದವನು, ಅಪ್ಪನಿಗೆ ಪಾರ್ಶ್ವವಾಯು ಆಗಿ ಇಲ್ಲೇ ಉಳಿದ. ಮೇ ತಿಂಗಳಲ್ಲೇ ಅಲ್ಲಿನ ಕಚೇರಿಗೆ ಆಸ್ಪತ್ರೆ ಕಾಗದ ಕಳಿಸಿ ಹೆಚ್ಚಿನ ಅವಧಿ ಕೇಳಿದ, ಬರಹದಲ್ಲಿ ಒಪ್ಪಿಗೆ ಬಂತು. ಅವಧಿ ದಾಟಿದ ಮೇಲೆ ಕೇಳಿದ್ದರೆ ಏನೂ ಉಳಿಯುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಪಹಣಿ ನೋಡಿದೆ, ಅಪ್ಪನ ಹೆಸರಿನಲ್ಲೇ ಇದೆ. ಸೋಮವಾರವೇ ನಾಡಕಚೇರಿಗೆ ಹೋಗುತ್ತೇವೆ. ಮುಂದೆ ಅಮ್ಮನನ್ನು ಅಲ್ಲಿಗೆ ಕರೆಸಿಕೊಳ್ಳಲು ಆಗುತ್ತಾ?

ಉತ್ತರ: ಸ್ಟುಟ್‌ಗಾರ್ಟ್‌ನಿಂದ ಮತ್ತೆ

ನಿಯಮ ಇದೆ ಅಕ್ಕಾ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಸಲ ಪರ್ಮಿಟ್ ಪಡೆದ ನುರಿತ ಕೆಲಸಗಾರರು ತಂದೆತಾಯಿಯನ್ನು ಕರೆಸಿಕೊಳ್ಳಬಹುದು. ನಾನು ಅದಕ್ಕಿಂತ ಮೊದಲು ಬಂದವನು, ನನಗೆ ಆ ದಾರಿ ಇಲ್ಲ. ನಿಮ್ಮ ತಮ್ಮನಿಗೆ ಇದೆ. ಆದರೆ ಅಮ್ಮನ ಖರ್ಚು ಪೂರ್ತಿ ಅವನೇ ಹೊರಬೇಕು, ಆರೋಗ್ಯ ವಿಮೆಯನ್ನೂ ತೋರಿಸಬೇಕು. ವಯಸ್ಸಾದವರಿಗೆ ವಿಮೆ ಸಿಗುವುದೇ ಅಲ್ಲಿ ದೊಡ್ಡ ಕಷ್ಟ. ಅರ್ಜಿಗಿಂತ ಮೊದಲು ವಿಮೆಯವರನ್ನು ಕೇಳಲಿ. ಅಲ್ಲಿಯವರೆಗೆ ಪ್ರವಾಸಿ ವೀಸಾದಲ್ಲಿ ಬಂದು ಹೋಗಬಹುದು, 180 ದಿನದಲ್ಲಿ 90 ದಿನ.

ನನ್ನ ಬಿ1 ಪುಸ್ತಕಗಳು ಚಿಕ್ಕಮಗಳೂರಿನ ಮನೆಯಲ್ಲೇ ಇವೆ. ತಮ್ಮನಿಗೆ ಬಂದು ತಗೊಂಡು ಹೋಗಲು ಹೇಳಿ, ಅಪ್ಪನಿಗೆ ತೆಗೆದಿಡಲು ಹೇಳಿರುತ್ತೇನೆ.