ಪ್ರಶ್ನೋತ್ತರ: ಆಂಟಿಬಯೋಟಿಕ್ ಬಳಕೆಗೂ ಜೇಬಿನ ದುಡ್ಡಿಗೂ ಏನು ನಂಟು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆಂಟಿಬಯೋಟಿಕ್ ಜಾಸ್ತಿ ನುಂಗುವ ದೇಶ ನಮ್ಮದು ಅಂತಾರೆ. ಜನ ಆಸ್ಪತ್ರೆ, ಔಷಧಿಗೆ ಕೈಯಿಂದ ಹಾಕುವ ದುಡ್ಡಿಗೂ ಇದಕ್ಕೂ ನಂಟಿದೆಯಾ? ವಿದ್ಯಾರ್ಥಿನಿಯೊಬ್ಬಳು ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಖಂಡಿತ ಇದೆ ಮೇಡಂ. ಆದರೆ ಮೊದಲು ಒಂದು ತಿದ್ದುಪಡಿ. 2019ರಲ್ಲಿ ನಮ್ಮ ಖಾಸಗಿ ವಲಯವೊಂದರಲ್ಲೇ, ಒಬ್ಬ ವಯಸ್ಕರ ಒಂದು ದಿನದ ಔಷಧಿಯನ್ನು ಒಂದು ಡೋಸ್ ಅಂತ ಲೆಕ್ಕ ಹಿಡಿದರೆ, ಸುಮಾರು 500 ಕೋಟಿ ಡೋಸ್ ಬಳಕೆಯಾಗಿವೆ. ಆದರೂ ತಲಾವಾರು ನೋಡಿದರೆ ಸಾವಿರ ಜನಕ್ಕೆ ದಿನಕ್ಕೆ ಹತ್ತು ಚಿಲ್ಲರೆ ಡೋಸ್ ಅಷ್ಟೇ, ಯುರೋಪಿನ ಹಲವು ದೇಶಗಳಿಗಿಂತ ಕಡಿಮೆ. ನನಗೆ ಭಯ ಇರುವುದು ಯಾವ ಔಷಧಿ ಅನ್ನುವುದರಲ್ಲಿ. ಎಲ್ಲಕ್ಕಿಂತ ಹೆಚ್ಚು ಹೋದದ್ದು ಅಜಿತ್ರೋಮೈಸಿನ್ 500 ಮಿ.ಗ್ರಾಂ ಮಾತ್ರೆ, ಅದರ ಹಿಂದೆಯೇ ಸೆಫಿಕ್ಸಿಮ್ 200 ಮಿ.ಗ್ರಾಂ. ವೈರಸ್ಸಿನ ನೆಗಡಿ-ಜ್ವರಕ್ಕೆ ಇವೆರಡೂ ಕೆಲಸಕ್ಕೆ ಬಾರವು.

ಈಗ ದುಡ್ಡಿನ ಮಾತು. ದೇಶದ ಆರೋಗ್ಯ ಖರ್ಚಿನಲ್ಲಿ ಜನರ ಜೇಬಿನ ಪಾಲು 2013-14ರಲ್ಲಿ ಶೇ. 64 ಇತ್ತು, 2021-22ಕ್ಕೆ ಶೇ. 39ಕ್ಕೆ ಇಳಿಯಿತು. ಇಳಿದದ್ದು ಸಂತೋಷ, ಸಾಲದು. ಉರಿಮೂತ್ರ ಅಂತ ಬಂದ ಕೂಲಿ ಹೆಂಗಸಿಗೆ ಕಲ್ಚರ್ (ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಮೂತ್ರ ಪರೀಕ್ಷೆ) ಮಾಡಿಸಮ್ಮ ಅಂದರೆ, ಒಂದು ದಿನದ ಕೂಲಿ ಹೋಗುತ್ತೆ ಸಾರ್, ಮಾತ್ರೆನೇ ಬರ್ಕೊಡಿ ಅಂತಾಳೆ. ಅಂಗಡಿಯಲ್ಲಿ ಐದು ದಿನದ್ದರ ಬದಲು ಎರಡು ದಿನದ್ದು ಸಾಕು ಅಂತಾಳೆ. ಕತ್ತರಿ ಆಡುತ್ತದೆ. ಮುಂದಿನ ಸಲ ಅವಳು ತಂದು ತೋರಿಸುವ ಸ್ಟ್ರಿಪ್ಪಿನ ತುಂಡಿನಲ್ಲಿ ಔಷಧಿಯ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಅಷ್ಟರಲ್ಲಿ ಸೋಂಕು ಕಿಡ್ನಿಗೆ ಏರಿರುತ್ತದೆ. ಆಗ ಇಂಜೆಕ್ಷನ್, ಅಡ್ಮಿಷನ್, ಸಾಲ.

ಕಡಿಮೆ ಮತ್ತು ಮಧ್ಯಮ ಆದಾಯದ 47 ದೇಶಗಳ ಮೇಲೆ 2015ರಲ್ಲಿ ಬಂದ ಅಧ್ಯಯನವೂ ಇಂಥದ್ದೇ ನಂಟು ಕಂಡಿತು: ಜೇಬಿನ ಖರ್ಚು ಹೆಚ್ಚಿದ್ದಲ್ಲಿ ಔಷಧಿಗೆ ಬಗ್ಗದ ರೋಗಾಣುಗಳೂ ಹೆಚ್ಚು. ಅದರಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡು ಕೇಳುವ ದೇಶಗಳಲ್ಲಿ. ನಿಮ್ಮ ವಿದ್ಯಾರ್ಥಿನಿಗೆ ಇದನ್ನೇ ಹೇಳಿ.

ಇನ್ನೊಬ್ಬರ ಪ್ರಶ್ನೆ: ಸಾರ್, ನನ್ನದು ಹಳ್ಳಿಯ ಮೆಡಿಕಲ್ ಸ್ಟೋರ್. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಕೊಡಬಾರದು, ಗೊತ್ತು. ರಾತ್ರಿ ಎಂಟಕ್ಕೆ ಮಗು ಎತ್ತಿಕೊಂಡು ಬಂದರೆ ಹೆಂಗೆ ವಾಪಸ್ ಕಳಿಸಲಿ? ಪಿಎಚ್‌ಸಿ ಬೆಳಿಗ್ಗೆಯೇ ತೆಗೆಯೋದು.

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ ಅಣ್ಣ. ಮಗುವಿನ ಪಕ್ಕೆ ಸೆಳೆಯುತ್ತಿದೆಯಾ, ಉಸಿರು ಜೋರಾಗಿದೆಯಾ ನೋಡಿ. ಇದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಬೆಳಗಿನವರೆಗೆ ಕಾಯಿಸಬೇಡಿ. ಇಲ್ಲದಿದ್ದರೆ ತೂಕ ನೋಡಿ ಪ್ಯಾರಾಸಿಟಮಾಲ್ ಕೊಟ್ಟು, ಬೆಳಿಗ್ಗೆ ತೋರಿಸಿ ಅನ್ನಿ. ಸೆಫಿಕ್ಸಿಮ್ 2014ರಿಂದ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಚೀಟಿ ನೋಡಿ, ಲೆಕ್ಕ ಬರೆದಿಟ್ಟೇ ಮಾರಬೇಕಾದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು ರಿಜಿಸ್ಟರಿಗೆ ಹತ್ತಲೇಬೇಕು. ಚೀಟಿ ಇದ್ದೂ ದುಡ್ಡು ಸಾಲದೆ ಅರ್ಧ ಕೇಳಿದರೆ, ಉಳಿದದ್ದನ್ನು ಸಾಲ ಬರೆದುಕೊಂಡಾದರೂ ಪೂರ್ತಿ ಕೊಟ್ಟು ಕಳಿಸಿ.